ಆಯಿಲ್ ಮುಳ್ಳಿನ ವಿಷಯವಾಗಿ ಮಂಜುನಾಥನಿಗೆ

ಚಿರಂಜೀವಿ ಮಂಜುನಾಥನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಲಾರಿ ಕೊಂಡದ್ದು, ಸಾಲ ಮಾಡಿದ್ದು ಎಲ್ಲವನ್ನೂ ಅಣ್ಣ ಫೋನಿನಲ್ಲಿ ಹೇಳಿದ್ದಾನೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಹಳೆಯ ಟಾಟಾ 1613 ಲಾರಿಗೆ ಯಾವ ಆಯಿಲ್ ಹಾಕಬೇಕೆಂದು ಕೇಳಿದ್ದೀಯ. ಆ ಪ್ರಶ್ನೆಯ ಕೆಳಗೆ ನೀನು ಸುಮ್ಮನೆ ಬರೆದುಬಿಟ್ಟಿರುವ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಇಂಜಿನ್ ಬಿಸಿಯಿದ್ದು ಐಡಲ್‌ನಲ್ಲಿ ಓಡುತ್ತಿರುವಾಗ, ಆಯಿಲ್ ಪ್ರೆಷರ್ ಮುಳ್ಳು ಕೆಂಪು ಗೆರೆಯವರೆಗೂ ಇಳಿಯುತ್ತದೆ, ಇನ್ನೂ ಮಂದವಾದ 50 ನಂಬರ್ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂದು ಮೇಸ್ತ್ರಿ ಹೇಳಿದ್ದಾನೆ ಎಂದು ಬರೆದಿದ್ದೀಯ.

ಮಂದ ಆಯಿಲ್ ಹಾಕಿದರೆ ಮುಳ್ಳು ಮೇಲೇರುವುದು ನಿಜ. ಆದರೆ ಅದು ಯಾಕೆ ಇಳಿಯುತ್ತಿತ್ತು ಎನ್ನುವುದು ಹಾಗೆಯೇ ಒಳಗೆ ಉಳಿದುಬಿಡುತ್ತದೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ಇಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕಿಗೂ ಅದನ್ನು ಹೊತ್ತಿರುವ ಬೇರಿಂಗಿಗೂ ನಡುವೆ ಇರುವ ಕೂದಲೆಳೆಯಷ್ಟು ಜಾಗದಲ್ಲಿ ಆಯಿಲಿನ ಪದರ ನಿಲ್ಲಬೇಕು, ಲೋಹ ಲೋಹಕ್ಕೆ ತಾಗಬಾರದು. ಬೇರಿಂಗ್ ಸವೆದು ಆ ಜಾಗ ಅಗಲವಾದರೆ ಆಯಿಲ್ ಬೇಗ ಸೋರಿ ಇಂಜಿನ್ನಿನ ಅಡಿಯ ಚೇಂಬರಿಗೆ ಇಳಿಯುತ್ತದೆ, ಪಂಪ್ ನಿಧಾನವಾಗಿ ತಿರುಗುವ ಐಡಲ್‌ನಲ್ಲಿ ಮೊದಲು ಅದು ಮುಳ್ಳಿನಲ್ಲಿ ಕಾಣಿಸುತ್ತದೆ. ಆ ಮುಳ್ಳೊಂದೇ ನಿನಗೆ ಮುನ್ಸೂಚನೆ ಕೊಡುವುದು, ಅದರ ಬಾಯಿಯನ್ನು ಮುಚ್ಚಿಸಿ ಅರಬೈಲ್ ಘಟ್ಟ ಇಳಿಯಬೇಡ.

ನಾನು ಹೆದರುತ್ತಿರುವುದು ಇಂಜಿನ್ನಿನ ಖರ್ಚಿಗಲ್ಲ. ಬೋರ್ ಮಾಡಿಸಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ಸಾಲ ಇನ್ನೊಂದಿಷ್ಟು ಬೆಳೆಯಬಹುದು, ತೀರಿಸೋಣ. ಆದರೆ ಅಕ್ಕಿಯ ಲೋಡು ಹೊತ್ತ ಗಾಡಿ ಆ ತಿರುವುಗಳಲ್ಲಿ ಇಳಿಯುವಾಗ ಅದನ್ನು ಹಿಡಿದಿಟ್ಟಿರುವುದು ಅರ್ಧದಷ್ಟು ಇಂಜಿನ್ನೇ. ಬ್ರೇಕಿನ ಗಾಳಿಯನ್ನು ತುಂಬುವ ಕಂಪ್ರೆಸರ್ ತಿರುಗುವುದೂ ಇಂಜಿನ್ನಿನಿಂದ, ಅದಕ್ಕೆ ಜಾರುವಿಕೆ ಸಿಗುವುದೂ ಇದೇ ಆಯಿಲಿನಿಂದ. ಇಂಜಿನ್ ಸೀಜ್ ಆಗಿ ಕಚ್ಚಿಕೊಂಡರೆ ಹಿಂದಿನ ಚಕ್ರಗಳೂ ಜಾಮ್ ಆಗಬಹುದು, ಕ್ಲಚ್ ಒತ್ತಿದರೆ ಗೇರಿನ ಹಿಡಿತ ಇರುವುದಿಲ್ಲ, ಸ್ಟೇರಿಂಗ್ ಭಾರವಾಗುತ್ತದೆ, ಟ್ಯಾಂಕಿನಲ್ಲಿ ಉಳಿದಷ್ಟು ಗಾಳಿಯೇ ಗತಿ. ನೀನು ಆಯಿಲ್ ಎಂದು ಬರೆದಿದ್ದೀಯ, ನಾನು ಅದನ್ನು ಬ್ರೇಕ್ ಎಂದು ಓದಿದೆ.

ಹೊಸಪೇಟೆಯಿಂದ ಬೇಲೆಕೇರಿ ಬಂದರಿಗೆ ಕಬ್ಬಿಣದ ಅದಿರು ಹೊಡೆಯುತ್ತಿದ್ದ ಕಾಲ ನಿನಗೆ ಚಿಕ್ಕಂದಿನ ನೆನಪಿರಬಹುದು. 2010ರ ಜುಲೈನಲ್ಲಿ ಸರ್ಕಾರ ಬಂದರುಗಳಿಂದ ಅದಿರಿನ ರಫ್ತು ನಿಲ್ಲಿಸುವವರೆಗೂ ಈ ಘಟ್ಟದಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಟ್ರಿಪ್ಪಿನ ಲೆಕ್ಕಕ್ಕೆ ದುಡಿಮೆ. ಆಯಿಲ್ ಬದಲಿಸಲು ಗಾಡಿ ಅರ್ಧ ದಿನ ನಿಂತರೆ ಮಾಲೀಕರ ಮುಖ ಕೆಡುತ್ತಿತ್ತು. ಹಾಗಾಗಿ ಕಡಿಮೆಯಾದಷ್ಟು ಮೇಲಿನಿಂದ ಸುರಿದು ಓಡಿಸುವುದೇ ರೂಢಿಯಾಗಿತ್ತು. ನಾನಿದ್ದ ಕಡೆಯ ಒಂದು ಗಾಡಿಗೆ ನಿನ್ನದೇ ತೊಂದರೆ ಬಂದಿತ್ತು, ಮಂದ ಆಯಿಲ್ ಹಾಕಿಸಿದರು, ಮುಳ್ಳು ಮೇಲೇರಿತು, ಎಲ್ಲರೂ ನೆಮ್ಮದಿಯಾಗಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಇಂಜಿನ್ ಘಟ್ಟದಲ್ಲಿ ಹಿಡಿದುಕೊಂಡಿತು. ಪುಣ್ಯಕ್ಕೆ ಏರುವ ಕಡೆ ಮುಖ ಮಾಡಿತ್ತು, ಟ್ರಾಲಿ ಖಾಲಿಯಿತ್ತು. ಓಡಿಸುತ್ತಿದ್ದ ಹುಡುಗ ಕಲ್ಲು ಕೊಟ್ಟು ನಿಲ್ಲಿಸಿ ಉಳಿದುಕೊಂಡ, ಆದರೆ ಗಾಡಿ ಹಾಳು ಮಾಡಿದನೆಂದು ಅವನ ಸಂಬಳ ಹಿಡಿದು ಮನೆಗೆ ಕಳಿಸಿದರು. ನಾನು ಆ ವಾರ ಊರಿಗೆ ಹೋಗಿದ್ದೆ. ಅವನ ಪರವಾಗಿ ಒಂದು ಮಾತು ಆಡುವವರು ಅಲ್ಲಿ ಯಾರೂ ಇರಲಿಲ್ಲ ಎನ್ನುವ ಕೊರಗು ಇಂದಿಗೂ ನನ್ನಲ್ಲಿದೆ. ಅವನಿಗೆ ಆಗ ನಿನ್ನಷ್ಟೇ ವಯಸ್ಸು.

ಗಾಡಿ ಬಿಟ್ಟು ಬಹಳ ಕಾಲವಾದ ನಾನು ನಿನಗೆ ಪಾಠ ಹೇಳುವುದು ಎಷ್ಟು ಸರಿಯೋ ತಿಳಿಯದು. ಆದರೂ ಕೇಳಿದ್ದೀಯಾದ್ದರಿಂದ ಬರೆಯುತ್ತೇನೆ. ಆ 697 ಟರ್ಬೋ ಇಂಜಿನ್ನಿಗೆ 15ಡಬ್ಲ್ಯೂ-40 ಸಾಕು, ಡಬ್ಬದ ಮೇಲೆ ಗುಣಮಟ್ಟದ ಗುರುತು ಸಿಐ-4 ಎಂದಿದ್ದರೆ ಒಳ್ಳೆಯದು, ಸಿಎಚ್-4 ಆದರೂ ನಡೆಯುತ್ತದೆ. 2016ರ ಕೊನೆಗೆ ಬಂದ ಸಿಕೆ-4 ಹೊಗೆಕೊಳವೆಯಲ್ಲಿ ಫಿಲ್ಟರ್ ಇರುವ ಹೊಸ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಹಾಕಿದರೆ ಕೇಡಿಲ್ಲ, ನಿನಗೆ ಅಷ್ಟು ದುಡ್ಡು ಕೊಡುವ ಅಗತ್ಯವಿಲ್ಲ. ಮೊದಲ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವುದಕ್ಕೆ ಸಂಬಂಧಿಸಿದ್ದು, 15ಡಬ್ಲ್ಯೂ ಪರೀಕ್ಷೆ ಮಾಡುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಅಂಥ ಚಳಿ ನಮ್ಮಲ್ಲಿಲ್ಲ. ಕೊನೆಯ 40 ಎನ್ನುವುದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದವಾಗಿರಬೇಕು ಎನ್ನುವ ಲೆಕ್ಕ. ಘಟ್ಟದಲ್ಲಿ ನಿನಗೆ ಬೇಕಾದದ್ದು ಅದು. 50 ನಂಬರ್ ಹಾಕಿದರೆ ಡಿಸೆಂಬರಿನ ಬೆಳಗ್ಗೆ ಇಂಜಿನ್ನಿಗೆ ಗಾಳಿ ನೂಕುವ ಟರ್ಬೋದ ಶಾಫ್ಟಿಗೆ ಆಯಿಲ್ ತಲುಪುವುದು ತಡವಾಗುತ್ತದೆ, ಅದು ಆಯಿಲಿನ ಮೇಲೆಯೇ ತೇಲುತ್ತಾ ತಿರುಗುವಂಥದ್ದು. ಅದಕ್ಕೇ ಘಟ್ಟ ಏರಿ ಬಂದ ಕೂಡಲೇ ಇಂಜಿನ್ ಆರಿಸಬೇಡ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡು.

ಆದರೆ ಮತ್ತೆ ಆ ಮುಳ್ಳಿಗೇ ಬರುತ್ತೇನೆ. ಬೇರಿಂಗ್ ಸವೆದಿದೆ ಎಂದು ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಮುಳ್ಳೇ ಸುಳ್ಳು ಹೇಳುತ್ತಿರಬಹುದು, ಒತ್ತಡವನ್ನು ಮುಳ್ಳಿಗೆ ತಿಳಿಸುವ ಸೆಂಡರ್ ಹೋಗಿರಬಹುದು. ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಉಳಿದಿರಬಹುದು. ನೋಝಲ್ ಸೋರಿಯೋ ಫೀಡ್ ಪಂಪಿನ ಸೀಲ್ ಹೋಗಿಯೋ ಡೀಸೆಲ್ ಆಯಿಲಿಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತಿರಬಹುದು. ಹಾಗಿದ್ದರೆ ಎಷ್ಟು ಮಂದ ಆಯಿಲ್ ಸುರಿದರೂ ವ್ಯರ್ಥ. ಬೆಳಗ್ಗೆ ಸಮತಟ್ಟಿನಲ್ಲಿ ನಿಂತ ಗಾಡಿಯ ಆಯಿಲ್ ಕಡ್ಡಿ ತೆಗೆ. ಮಟ್ಟ ದಿನೇ ದಿನೇ ಏರುತ್ತಿದ್ದರೆ, ಬೆರಳಿಗೆ ಹಚ್ಚಿಕೊಂಡು ಮೂಸಿದಾಗ ಡೀಸೆಲ್ ವಾಸನೆ ಬಂದರೆ, ತೊಂದರೆ ಅಲ್ಲಿದೆ. ಕಪ್ಪಾಗಿದೆ ಎಂದು ಗಾಬರಿಯಾಗಬೇಡ, ಡೀಸೆಲ್ ಇಂಜಿನ್ನಿನಲ್ಲಿ ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ಮಾತ್ರ ನೀರು ಸೇರಿದೆ, ಅಲ್ಲಿಯೇ ನಿಲ್ಲಿಸು.

ಹಿಂದೆ ಡೀಸೆಲ್‌ನಲ್ಲಿ ಗಂಧಕ ಹೆಚ್ಚಿತ್ತು, ಆಯಿಲ್ ಬೇಗ ಹುಳಿಯಾಗುತ್ತಿತ್ತು. ಬಿಎಸ್-2 ಹೊಗೆ ನಿಯಮದ ಕಾಲದಲ್ಲಿ 500 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 500 ಪಾಲು, ಇದ್ದದ್ದು 2020ರ ಏಪ್ರಿಲ್‌ನಿಂದ 10ಕ್ಕೆ ಇಳಿದಿದೆ. ಆ ಧೈರ್ಯದ ಮೇಲೆ ಬದಲಿಸುವುದನ್ನು ಮುಂದೂಡಬೇಡ, ಸವೆದ ಇಂಜಿನ್ನಿಗೆ ಮಸಿಯ ಕಾಟ ಹೆಚ್ಚು. ಆಯಿಲಿನ ಜೊತೆಗೆ ಫಿಲ್ಟರನ್ನೂ ಬದಲಿಸು. ಬಂಕಿನಲ್ಲಿ ಸೀಲ್ ಇರುವ ಡಬ್ಬವನ್ನು ನಿನ್ನ ಕಣ್ಣೆದುರಿಗೆ ಒಡೆಸು, ಖಾಲಿ ಡಬ್ಬಕ್ಕೆ ತೂತು ಹಾಕಿ ಬಿಸಾಡು; ಹಳೆಯ ಡಬ್ಬಗಳನ್ನು ತುಂಬಿ ಮಾರುವವರಿದ್ದಾರೆ. ನಿನಗೆ ಗೊತ್ತಿರುವುದನ್ನೇ ಹೇಳಿದೆನೇನೋ, ಬೇಸರ ಮಾಡಿಕೊಳ್ಳಬೇಡ.

ನನ್ನ ಒಂದು ಮಾತು ನಡೆಸಿಕೊಡು. 50 ನಂಬರ್ ಹಾಕಿಸುವ ಮೊದಲು, ಸೆಂಡರ್ ಬಿಚ್ಚಿ ಅದೇ ಜಾಗಕ್ಕೆ ಒತ್ತಡವನ್ನು ನೇರವಾಗಿ ತೋರಿಸುವ ಕೈಮೀಟರ್ ಕಟ್ಟಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲೂ ರೇಸ್ ಕೊಟ್ಟಾಗಲೂ ಎಷ್ಟು ಬರುತ್ತದೆ ನೋಡಿಸು, ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ ಹೋಲಿಸು. ಕಡಿಮೆ ಬಂದರೆ, ಡೀಸೆಲ್ ಸೇರಿಲ್ಲವೆಂದೂ ವಾಲ್ವ್ ಸರಿಯಿದೆಯೆಂದೂ ಖಚಿತವಾದ ಮೇಲೆ ಚೇಂಬರ್ ಇಳಿಸಿ ಒಂದೆರಡು ಬೇರಿಂಗ್ ಬಿಚ್ಚಿ ನೋಡಲು ಹೇಳು. ತಗಲುವ ಹಣವನ್ನು ನಾನು ಕಳಿಸುತ್ತೇನೆ, ಅಣ್ಣನಿಗೆ ಹೇಳಬೇಕಾಗಿಲ್ಲ. ಮೀಟರಿನಲ್ಲಿ ಬಂದ ಎರಡೂ ಅಂಕಿಗಳನ್ನು ನನಗೆ ಫೋನ್ ಮಾಡಿ ತಿಳಿಸು. ಅಲ್ಲಿಯವರೆಗೆ ಘಟ್ಟದ ಕೆಳಗಿನ ಅಂಕೋಲೆಯ ಲೋಡು ಒಪ್ಪಿಕೊಳ್ಳಬೇಡ, ಗದಗ, ಹಾವೇರಿ ಕಡೆ ಬಯಲಿನ ಬಾಡಿಗೆ ಸಿಕ್ಕಿದಷ್ಟು ಹೊಡೆ, ಅದೂ ಮುಳ್ಳಿನ ಮೇಲೆ ಕಣ್ಣಿಟ್ಟು.

ಇಂತಿ ನಿನ್ನ ಪ್ರೀತಿಯ
ಕಾಕಾ