ಬಾಯ್ಸಿಯ ಹಿತ್ತಲಲ್ಲಿ ಬಾದಾಮಿ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ಅಮೆರಿಕದ ಇಡಾಹೊ ರಾಜ್ಯದ ನಿಮ್ಮ ಬಾಯ್ಸಿಯ ಚಳಿಗೆ ಬಾದಾಮಿ ಮರ ಬದುಕುತ್ತದಾ ಅಂತ ನೀನು ಕೇಳಿದ್ದೆ. ಬದುಕುತ್ತದೆ. ಕಾಯಿ ನಿಲ್ಲುತ್ತದಾ ಅನ್ನುವುದು ಬೇರೆ ಪ್ರಶ್ನೆ, ಈ ಪತ್ರ ಹೆಚ್ಚಾಗಿ ಅದರ ಮೇಲೆಯೇ. ಮನೆಯವರಿಗೆ ಮೊದಲೇ ಹೇಳಿಬಿಡು: ನಮ್ಮೂರ ಶಾಲೆಯಂಗಳದ ಅಗಲ ಎಲೆಯ ಬಾದಾಮಿ ಮರ ಇದಲ್ಲ. ಅದು ಕಾಡುಬಾದಾಮಿ, ಮತ್ತಿ ಮರದ ಕುಲದ್ದು. ಅಂಗಡಿಯಲ್ಲಿ ಸಿಗುವ ಬಾದಾಮಿ ಪೀಚ್, ಪ್ಲಮ್‌ಗಳ ದಾಯಾದಿ.

ನರ್ಸರಿಯ ಚೀಟಿಯಲ್ಲಿ ‘ಝೋನ್ 5’ ಎಂದಿದ್ದರೆ ಅಷ್ಟಕ್ಕೇ ನೆಮ್ಮದಿಯಾಗಬೇಡ. ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಎಷ್ಟಕ್ಕೆ ಇಳಿಯುತ್ತದೆ ಎಂಬುದಷ್ಟೇ ಆ ಅಂಕಿಯ ಅರ್ಥ. ಝೋನ್ 5 ಎಂದರೆ ಮೈನಸ್ 23ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್. ನಿಮ್ಮೂರು ಅದಕ್ಕಿಂತ ಬೆಚ್ಚಗಿದೆ. ಎಲೆ ಉದುರಿಸಿ ಮಲಗಿದ ಗಟ್ಟಿ ತಳಿಯ ಮರ ಜನವರಿಯನ್ನು ದಾಟುತ್ತದೆ. ಅದೇ ಮರದ ಹೂ ಅರಳಿದ ಮೇಲೆ ಮೈನಸ್ 2ಕ್ಕೇ ಸಾಯತೊಡಗುತ್ತದೆ, ಮೈನಸ್ 4ಕ್ಕೆ ಬಹುಪಾಲು ಹೋಯಿತು. ಪಕಳೆ ಉದುರಿ ಹೀಚುಗಾಯಿ ಕಚ್ಚಿದ ಹೊತ್ತಂತೂ ಇನ್ನೂ ನಾಜೂಕು. ಹೂವನ್ನು ಸೀಳಿ ನೋಡು, ನಡುವಿನ ಕುಡಿ ಹಸಿರಿದ್ದರೆ ಬದುಕಿದೆ, ಕಪ್ಪಾಗಿದ್ದರೆ ಆ ಹೂವಿಂದ ಕಾಯಿಲ್ಲ.

ಹೀಗಾಗುವುದು ಏಕೆಂದರೆ, ಬಾದಾಮಿಯದ್ದು ಸಣ್ಣ ನಿದ್ದೆ. 0ರಿಂದ 7 ಡಿಗ್ರಿಯೊಳಗಿನ ಚಳಿ 300ರಿಂದ 500 ಗಂಟೆ ಸಿಕ್ಕಿದರೆ ಹೆಚ್ಚಿನ ತಳಿಗಳಿಗೆ ಸಾಕು. ಬೆಂಗಳೂರಲ್ಲಿ ಅಷ್ಟೂ ಸಿಗುವುದಿಲ್ಲ. ಬಾಯ್ಸಿಯಲ್ಲೋ ಹೊಸ ವರ್ಷದ ಆಸುಪಾಸಿಗೇ ಆ ಲೆಕ್ಕ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಮರ ಕಾಯುವುದು ಬಿಸಿಲಿಗೆ ಮಾತ್ರ. ಫೆಬ್ರವರಿಯಲ್ಲಿ ಒಂದು ವಾರ ಬೆಚ್ಚಗಾದರೆ ಮೊಗ್ಗು ಉಬ್ಬುತ್ತದೆ, ಆದರೆ ನಿಮ್ಮ ಕಣಿವೆಯಲ್ಲಿ ಮೇ ತಿಂಗಳಲ್ಲೂ ಫ್ರಾಸ್ಟ್, ಅಂದರೆ ಹೂ-ಚಿಗುರು ಸುಡುವ ಹೆಪ್ಪಿನ ಚಳಿ, ಬೀಳಬಹುದು. ಊರ ಹತ್ತಿರದ ಶೇಫರ್ ಬ್ಯೂಟ್ ಬೆಟ್ಟದ ನೆತ್ತಿಯ ಹಿಮ ಕರಗುವತನಕ ಟೊಮೆಟೊ ಸಸಿ ಹೊರಗಿಡಬೇಡ ಎಂದು ಅಲ್ಲಿನವರು ಹೇಳುವುದು ಸುಮ್ಮನೆ ಅಲ್ಲ.

ಹಾಗಾಗಿ ತಡವಾಗಿ ಹೂ ಬಿಡುವ ತಳಿ ಬೇಕು. ನನ್ನ ಆಯ್ಕೆ ಹಾಲ್ಸ್ ಹಾರ್ಡಿ. ಪೀಚ್ ಮತ್ತು ಬಾದಾಮಿಯ ಮಿಶ್ರತಳಿ, ಗುಲಾಬಿ ಹೂ, ಅರಳುವುದು ಹೆಚ್ಚುಕಡಿಮೆ ಪೀಚ್ ಅರಳುವಾಗ. ಕೊರತೆಯನ್ನೂ ಹೇಳುತ್ತೇನೆ: ಚಿಪ್ಪು ದಪ್ಪ, ಸುತ್ತಿಗೆಯಿಂದಲೇ ಒಡೆಯಬೇಕು, ತಿರುಳಿಗೆ ಸ್ವಲ್ಪ ಕಹಿಯ ಛಾಯೆ ಇರುತ್ತದೆ. ರುಚಿ ಬೇಕೆಂದರೆ ಜೊತೆಗೆ ಒಂದು ಆಲ್-ಇನ್-ಒನ್ ಹಾಕು. ತೆಳುಚಿಪ್ಪು, ಸಿಹಿ, ಒಂಟಿ ಮರವೇ ಕಾಯಿ ಕಟ್ಟುತ್ತದೆ, ಆದರೆ ಹೂ ಬೇಗ, ಕೆಲವು ವರ್ಷ ಪೂರ್ತಿ ಕೈಕೊಡುತ್ತದೆ. ಕ್ಯಾಲಿಫೋರ್ನಿಯಾದ ಹೆಸರುವಾಸಿ ನಾನ್‌ಪರೇಲ್ ನಿನ್ನ ಜಾಗಕ್ಕೆ ಬೇಡ. ಅದಕ್ಕೆ ಪರಾಗ ಕೊಡಲು ಬೇರೆ ತಳಿಯೂ ಬೇಕು. ಹಾಲ್ಸ್ ಹಾರ್ಡಿಯೂ ಒಂಟಿಯಾಗಿ ಕಡಿಮೆಯೇ ಕಟ್ಟುತ್ತದೆ. ಪಕ್ಕದಲ್ಲಿ ಅದೇ ಹೊತ್ತಿಗೆ ಅರಳುವ ಪೀಚ್ ಇದ್ದರೆ ಆ ಪರಾಗವೂ ನಡೆಯುತ್ತದೆ. ತಿರುಳಿನ ಸಿಹಿ-ಕಹಿ ತಾಯಿಮರದ ಗುಣ, ಪೀಚಿನ ಪರಾಗದಿಂದ ಕೆಡುವುದಿಲ್ಲ. ಬೀಜ ಬಿತ್ತಿ ಬೆಳೆಸುವ ಆಸೆ ಮಾತ್ರ ಬಿಡು. ಬೀಜದ ಗಿಡ ಪೂರ್ತಿ ಕಹಿಯಾದರೆ ತಿರುಳು ತಿನ್ನುವಂತಿಲ್ಲ, ಅದರಲ್ಲಿ ಸಯನೈಡ್ ಹುಟ್ಟುತ್ತದೆ.

ಇನ್ನು ಜಾಗ. ಬೆಚ್ಚಗಿರಲಿ ಎಂದು ಬಹಳ ಜನ ದಕ್ಷಿಣದ ಗೋಡೆಗೆ ಒತ್ತಿ ನೆಡುತ್ತಾರೆ. ಆ ಗೋಡೆ ಫೆಬ್ರವರಿಯಲ್ಲೇ ಮೊಗ್ಗನ್ನು ಎಬ್ಬಿಸುತ್ತದೆ. ನೀನು ಮನೆಯ ಉತ್ತರಕ್ಕೆ, ಆರೇಳು ಮೀಟರ್ ಬಿಟ್ಟು ನೆಡು. ಆರು ಮೀಟರ್ ಎತ್ತರದ ಮನೆಯ ನಡುಹಗಲಿನ ನೆರಳು ಬಾಯ್ಸಿಯಲ್ಲಿ ಡಿಸೆಂಬರ್ ಕೊನೆಗೆ ಸುಮಾರು 14 ಮೀಟರ್ ಚಾಚುತ್ತದೆ, ಜೂನ್ ಕೊನೆಗೆ ಎರಡು ಮೀಟರಿಗೆ ಕುಗ್ಗುತ್ತದೆ. ಚಳಿಗಾಲದಲ್ಲಿ ಕಾಂಡಕ್ಕೆ ನೆರಳು, ಬೇಸಿಗೆಯಲ್ಲಿ ಮರಕ್ಕೆ ಬೇಕಾದ ಎಂಟು ಗಂಟೆ ಬಿಸಿಲು, ಎರಡೂ ಸಿಕ್ಕಹಾಗಾಯಿತು. ತಗ್ಗು ಜಾಗ ಬೇಡ, ರಾತ್ರಿಯ ತಣ್ಣನೆ ಗಾಳಿ ನೀರಿನಂತೆ ಹರಿದು ಅಲ್ಲೇ ನಿಲ್ಲುತ್ತದೆ. ಇಳಿಜಾರಿನ ಕೆಳಗೆ ಕಿಂಡಿಯಿಲ್ಲದ ಹಲಗೆ ಬೇಲಿಯಿದ್ದರೆ ಅದೂ ಅಣೆಕಟ್ಟಿನ ಹಾಗೆ. ತಳದಲ್ಲಿ ಎರಡು ಹಲಗೆ ಕಿತ್ತು ದಾರಿ ಮಾಡಿಕೊಡು.

ನೆಡುವ ಮುಂಚೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸು. ಇಂಗಿದ ಮೇಲೆ ಮತ್ತೆ ತುಂಬಿಸು. ಎರಡನೇ ಸಲ ಗಂಟೆಗೆ ಒಂದಿಂಚಾದರೂ ಇಳಿಯಬೇಕು. ಇಳಿಯದಿದ್ದರೆ ಒಂದರಿಂದ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡು, ಬಾದಾಮಿ ಬೇರು ಬರವನ್ನು ತಡೆಯುತ್ತದೆ, ನಿಂತ ನೀರನ್ನು ತಡೆಯದು. ಮಾರ್ಚ್‌ನಲ್ಲಿ ಮಣ್ಣು ಉದುರಾದಾಗ ಬರಿಬೇರಿನ ಸಸಿ ತರಿಸು. ಬೇರನ್ನು ಎರಡು-ಮೂರು ಗಂಟೆ ನೀರಲ್ಲಿಟ್ಟು ನೆಡು. ಕಸಿಗಂಟು ನೆಲಕ್ಕಿಂತ ಮೂರು ಬೆರಳು ಮೇಲಿರಲಿ. ಗುಂಡಿಗೆ ಗೊಬ್ಬರ ಸುರಿಯಬೇಡ, ಬೇರು ಆಚೆ ಹೋಗದೆ ಅಲ್ಲೇ ಸುತ್ತುತ್ತದೆ. ನೆಟ್ಟ ದಿನವೇ ಎರಡೂವರೆ ಅಡಿ ಎತ್ತರಕ್ಕೆ ತುದಿ ಕತ್ತರಿಸು. ಮರದಿಂದ ಮರಕ್ಕೆ 15 ಅಡಿ ಇರಲಿ. ಕಾಂಡಕ್ಕೆ ಬಿಳಿ ಲೇಟೆಕ್ಸ್ ಬಣ್ಣ ಅರ್ಧಕ್ಕರ್ಧ ನೀರು ಬೆರೆಸಿ ಬಳಿ. ಹಿಮದ ಮೇಲಿಂದ ಪ್ರತಿಫಲಿಸುವ ಬಿಸಿಲಿಗೆ ತೊಗಟೆ ಹಗಲು ಕಾದು ರಾತ್ರಿ ಸೀಳುವುದು ನೈಋತ್ಯ ಬದಿಯಲ್ಲೇ.

ನಿಮ್ಮ ಮಣ್ಣು ಸುಣ್ಣದ ಮಣ್ಣು. ಪೀಚ್ ಬೇರಿನ ಮೇಲೆ ಕಸಿ ಮಾಡಿದ ಗಿಡವಾದರೆ ಜೂನ್‌ನಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯಬಹುದು. ಅದು ಕಬ್ಬಿಣದ ಕೊರತೆ. ಫೆರಸ್ ಸಲ್ಫೇಟ್ ಹಾಕಿದರೆ ಆ ಮಣ್ಣಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಸುಣ್ಣದ ಮಣ್ಣಲ್ಲೂ ಬೇರಿಗೆ ಸಿಗುವ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನೇ ವಸಂತದ ಆರಂಭದಲ್ಲಿ ಬುಡಕ್ಕೆ ಕೊಡು. ನೀರು ಅತಿಯಾದರೂ ಇದೇ ಹಳದಿ ಬರುತ್ತದೆ, ಮೊದಲು ಅದನ್ನು ನೋಡಿಕೋ. ಬುಡದಲ್ಲಿ ಗೋಂದಿನ ಜೊತೆ ಮರದ ಪುಡಿಯೂ ಕಂಡರೆ ಕಾಂಡಕೊರಕ ಬಂದಿದೆ ಎಂದರ್ಥ.

ಮೊದಲ ವರ್ಷ ಅಮೋನಿಯಂ ಸಲ್ಫೇಟ್ ಒಟ್ಟು 140 ಗ್ರಾಂ ಸಾಕು, ಮೂರು ಕಂತಿನಲ್ಲಿ. ಜುಲೈ ಆರಂಭದ ನಂತರ ಒಂದು ಚಿಟಿಕೆಯೂ ಬೇಡ. ತಡವಾಗಿ ಹುಟ್ಟಿದ ಎಳೆ ರೆಂಬೆ ಬಲಿಯುವುದಿಲ್ಲ. 2014ರ ನವೆಂಬರ್‌ನಲ್ಲಿ ನಿಮ್ಮ ಕಣಿವೆಗೆ ಹಠಾತ್ತನೆ ಬಂದ ಕಡುಚಳಿಯಂಥದ್ದು ಬಂದರೆ ನೆಲೆಯೂರಿದ ಮರಗಳೂ ಪೆಟ್ಟು ತಿನ್ನುತ್ತವೆ, ಎಳೆಯವು ಉಳಿಯವು. ಆಗಸ್ಟ್ ಕೊನೆಯಿಂದ ನೀರು ಕಡಿಮೆ ಮಾಡುತ್ತಾ ಬಾ. ಅಕ್ಟೋಬರ್ ನಡುವಿಗೆ ಕಾಲುವೆ ನಿಲ್ಲುತ್ತದಲ್ಲ, ಆಮೇಲೆ ನೆಲ ಹೆಪ್ಪುಗಟ್ಟುವ ಮುನ್ನ ಒಂದೇ ಸಲ ಆಳವಾಗಿ ಉಣಿಸು.

ಹೂವಿನ ದಿನಗಳಲ್ಲಿ ಬುಡದ ಹುಲ್ಲು, ಮುಚ್ಚಿಗೆಯೆಲ್ಲ ಬದಿಗೆ ಸರಿಸಿ ನೆಲ ತೇವ ಮಾಡಿಡು. ಬರಿ ಒದ್ದೆ ನೆಲ ಹಗಲಿನ ಬಿಸಿ ಹಿಡಿದು ರಾತ್ರಿ ಬಿಡುತ್ತದೆ. ಫ್ರಾಸ್ಟ್ ಬಟ್ಟೆ ಹೊದಿಸಿದರೆ ನೆಲದವರೆಗೂ ಇಳಿಬಿಡು, ಕಾಂಡಕ್ಕೆ ಕಟ್ಟಬೇಡ. ಕಟ್ಟಿದರೆ ನೆಲದ ಬಿಸಿ ಒಳಗೆ ಬರುವುದಿಲ್ಲ. ಒಳಗೆ ಹಳೇ ತಂತಿಯ ಬಲ್ಬಿನ ಸರ ಹಾಕು, ಎಲ್‌ಇಡಿಗೆ ಬಿಸಿಯಿಲ್ಲ. ಬೆಳಗಾದ ಕೂಡಲೇ ತೆಗೆ, ಜೇನು ಬರಬೇಕು. ಸಾಕುಜೇನು 13 ಡಿಗ್ರಿ ಆಗುವತನಕ ಸರಿಯಾಗಿ ಹಾರದು, ಕೊಳವೆಯಲ್ಲಿ ಕೆಸರಿನ ಗೂಡು ಕಟ್ಟುವ ನೀಲಿ ಮೇಸನ್ ಜೇನು ಅದಕ್ಕಿಂತ ತಣ್ಣಗಿದ್ದಾಗಲೂ ಕೆಲಸ ಮಾಡುತ್ತದೆ. 8 ಮಿಲಿಮೀಟರ್ ರಂಧ್ರದ ಕೊಳವೆ ಗೂಡು, ಹತ್ತಿರ ಒಂದಿಷ್ಟು ಹಸಿ ಕೆಸರು, ಮೇಸನ್ ಜೇನಿನ 20 ಕೋಶ (ಕೊಕೂನ್) ಸಾಕು ಎರಡು ಮರಕ್ಕೆ.

ಕಾಯಿಯ ಹೊರಸಿಪ್ಪೆ ಮುಕ್ಕಾಲುಪಾಲು ಬಿರಿದ ದಿನವೇ ಉದುರಿಸು, ಒಂದು ವಾರ ತಡಮಾಡಿದರೆ ಅಳಿಲಿನ ಪಾಲು. ಅದೇ ದಿನ ಸಿಪ್ಪೆ ಬಿಡಿಸಿ ನೆರಳಲ್ಲಿ ಹರಡು. ತಿರುಳು ಬಾಗದೆ ಟಕ್ಕನೆ ಮುರಿದರೆ ಒಣಗಿದೆ. ಎರಡು ದಿನ ಫ್ರೀಜರಿನಲ್ಲಿಟ್ಟು ಡಬ್ಬಿಗೆ ತುಂಬಿದರೆ ಹುಳ ಬರದು.

ಈಗಲೇ ಸಸಿಗೆ ದುಡ್ಡು ಕಟ್ಟಬೇಡ. ಕನಿಷ್ಠ ತಾಪ ನೆನಪಿಡುವ ಎರಡು ಥರ್ಮಾಮೀಟರ್ ತಂದು, ಒಂದನ್ನು ಉತ್ತರದ ಬದಿಯಲ್ಲೂ ಇನ್ನೊಂದನ್ನು ಬೇಲಿಯ ಹತ್ತಿರವೂ ಎದೆಮಟ್ಟಕ್ಕೆ ನೇತುಹಾಕು. ಈ ಏಪ್ರಿಲ್ ತಿಂಗಳ ಅಂಕಿ ಬರೆದು ಕಳಿಸು, ಯಾವ ಮೂಲೆಗೆ ಯಾವ ಮರ ಎಂದು ಆಮೇಲೆ ಗೆರೆ ಎಳೆಯೋಣ.

ನಿನ್ನ ಗೆಳೆಯ