ಪುಟ್ಟಿಯ ಕಣ್ಣಿನ ಆಪರೇಷನ್ ಬಗ್ಗೆ ಅಕ್ಕನಿಗೆ

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನೂ ಚೆನ್ನಾಗಿದ್ದೇನೆ, ಚಳಿ ಜಾಸ್ತಿ, ಅಷ್ಟೇ. ಅಮ್ಮನಿಗೂ ಅಜ್ಜಿಗೂ ನಮಸ್ಕಾರ ಹೇಳು. ಈಗ ವಿಷಯಕ್ಕೆ ಬರುತ್ತೇನೆ.

ಪುಟ್ಟಿಯ ಮೆಳ್ಳೆಗಣ್ಣಿಗೆ ಆಪರೇಷನ್ ಅಂದಾಗಿನಿಂದ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ ಎಂದು ಬರೆದಿದ್ದೀಯ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು, ಸರಿ ಮಾಡಿ, ಮತ್ತೆ ಕೂರಿಸುತ್ತಾರಂತೆ ಎಂದು ನಿಮಗೆ ಹೇಳಿದವರು ಯಾರು ಅಂತ ಮೊದಲು ತಿಳಿಸು, ಅವರ ಜೊತೆ ನಾನೇ ಮಾತಾಡುತ್ತೇನೆ. ಜಗತ್ತಿನಲ್ಲಿ ಎಲ್ಲೂ ಹಾಗೆ ಮಾಡುವುದಿಲ್ಲ. ಗುಡ್ಡೆ ಇದ್ದ ಜಾಗದಲ್ಲೇ ಇರುತ್ತದೆ. ಅದರ ಒಳಗೂ ಕೈ ಹಾಕುವುದಿಲ್ಲ. ಒಂದೊಂದು ಕಣ್ಣನ್ನು ತಿರುಗಿಸಲು ಹೊರಗಡೆ ಆರು ಸ್ನಾಯುಗಳಿವೆ, ಕೆಲಸ ಅವುಗಳ ಮೇಲೆ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯಲ್ಲಿ ಸಣ್ಣದಾಗಿ ಸೀಳಿ, ಮೂಗಿನ ಕಡೆ ಎಳೆಯುವ ಸ್ನಾಯುವನ್ನು ಬಿಡಿಸಿ, ಸ್ವಲ್ಪ ಹಿಂದಕ್ಕೆ ಹೊಲಿಯುತ್ತಾರೆ. ಲಗಾಮು ಸಡಿಲ ಬಿಟ್ಟ ಹಾಗೆ. ಹಿಂದಕ್ಕೆ ಅಂದರೆ ಎಷ್ಟು ಗೊತ್ತಾ? ಒಳಕ್ಕೆ ತಿರುಗುವ ಕಣ್ಣಿಗೆ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್. ಅದರಲ್ಲಿ ಅರ್ಧ ಮಿಲಿಮೀಟರಿಗೂ ಲೆಕ್ಕ ಇದೆ. ಹೊಲಿಗೆ ತಾನೇ ಕರಗಿಹೋಗುತ್ತದೆ. ಮುಖದ ಚರ್ಮಕ್ಕೆ ಕತ್ತರಿ ತಾಗುವುದೇ ಇಲ್ಲ, ಆದ್ದರಿಂದ ಹೆಣ್ಣುಮಗು, ಮುಖದಲ್ಲಿ ಗಾಯದ ಗುರುತು ಉಳಿದರೆ ಮುಂದೆ ಮದುವೆ ಹೇಗೆ ಅನ್ನುವ ಅಜ್ಜಿಯ ಚಿಂತೆಯನ್ನು ಇವತ್ತೇ ಮುಗಿಸಿಬಿಡು.

ಒಂದೇ ಕಣ್ಣು ಮೆಳ್ಳೆ, ಎರಡಕ್ಕೂ ಯಾಕೆ ಆಪರೇಷನ್ ಅಂತ ಭಾವ ಕೇಳಿದ್ದಾರಲ್ಲ, ಅದು ಒಳ್ಳೆಯ ಪ್ರಶ್ನೆ. ನಾನು ಇಲ್ಲಿ ಕೆಲಸ ಮಾಡುವ ವಾರ್ಡಿನಲ್ಲೂ ಅಪ್ಪಂದಿರು ಕೇಳುವುದು ಅದನ್ನೇ. ಎರಡು ಕಣ್ಣೂ ಜೋಡಿಯಾಗಿ ಕೆಲಸ ಮಾಡುತ್ತವೆ, ಮಿದುಳು ಎರಡಕ್ಕೂ ಸಮನಾಗಿ ಆಜ್ಞೆ ಕಳಿಸುತ್ತದೆ. ಈ ಹೊತ್ತಿಗೆ ಒಂದು ಕಣ್ಣು ನೇರ ನಿಂತಿದೆ, ಇನ್ನೊಂದು ತಿರುಗಿದೆ ಅಂತ ಕಂಡರೂ ವ್ಯತ್ಯಾಸ ಇರುವುದು ಎರಡರ ನಡುವೆ. ಅದನ್ನು ಎರಡು ಕಡೆಗೂ ಹಂಚಿ ಸರಿಮಾಡುತ್ತಾರೆ. ಒಂದು ಕಣ್ಣಿನ ದೃಷ್ಟಿ ತುಂಬಾ ಕಡಿಮೆ ಇದ್ದರೆ ಎಷ್ಟೋ ಸರ್ಜನ್‌ಗಳು ಒಳ್ಳೆಯ ಕಣ್ಣನ್ನು ಮುಟ್ಟದೆ ಆ ಕಣ್ಣೊಂದಕ್ಕೇ ಮಾಡುತ್ತಾರೆ. ಪುಟ್ಟಿಗೆ ಕಡಿಮೆ ಕಾಣುವ ಕಣ್ಣು ಕೆಲಸ ಮಾಡಲಿ ಅಂತ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಕಟ್ಟಿ ಈಗ ಎರಡೂ ಕಣ್ಣು ಸಮ ಆಗಿವೆ ಅಂದಿದ್ದೀಯ. ಹಾಗಾಗಿ ಎರಡಕ್ಕೂ ಅಂದಿರಬೇಕು. ಭಯಪಡುವ ಸಂಗತಿ ಅಲ್ಲವೇ ಅಲ್ಲ.

ಹೊಸ ಪ್ರಯೋಗ ನಮ್ಮ ಮಗುವಿನ ಮೇಲೆ ಬೇಡ ಅಂತ ಅಜ್ಜಿ ಅಂದರಂತೆ. ಬರ್ಲಿನ್ನಿನಲ್ಲಿ ಡೀಫೆನ್‌ಬಾಕ್ ಎಂಬ ಡಾಕ್ಟರ್ 1839ರಲ್ಲೇ ಏಳು ವರ್ಷದ ಹುಡುಗನಿಗೆ ಮೆಳ್ಳೆಗಣ್ಣಿನ ಆಪರೇಷನ್ ಮಾಡಿದ್ದ ಅಂತ ಹೇಳು. ಆಗ ಅರಿವಳಿಕೆ ಕೂಡ ಬಳಕೆಗೆ ಬಂದಿರಲಿಲ್ಲ! ಪಾಪ ಆ ಹುಡುಗ. ಈ ಕೊನೆಯ ಮಾತು ಅಜ್ಜಿಗೆ ಹೇಳಬೇಡ.

ಈಗ ನೀನು ಕೇಳಿದ ಮುಖ್ಯ ಪ್ರಶ್ನೆ, ಪೂರ್ತಿ ಸರಿಹೋಗುತ್ತದಾ? ನಿನಗೆ ಸುಮ್ನೆ ಸಮಾಧಾನಕ್ಕೆ ಹೌದು ಅನ್ನುವುದಿಲ್ಲ. ಮೊದಲ ಆಪರೇಷನ್ನಿನಲ್ಲೇ ಚೆನ್ನಾಗಿ ನೇರ ಆಗುವವರು ಸಾಮಾನ್ಯವಾಗಿ ನೂರಕ್ಕೆ 60ರಿಂದ 80 ಮಂದಿ. ನೇರ ಅಂದರೂ ಅಳತೆ ಇದೆ. ಓರೆ ಅಳೆಯುವ ಮಾನಕ್ಕೆ ಪ್ರಿಸಂ ಡಯಾಪ್ಟರ್ ಅನ್ನುತ್ತಾರೆ. ಅಂಥ 10ರ ಒಳಗೆ, ಅಂದರೆ 6 ಡಿಗ್ರಿಗಿಂತ ಸ್ವಲ್ಪ ಕಮ್ಮಿ ಓರೆ ಉಳಿದರೆ ಯಶಸ್ಸು ಅಂತಲೇ ಬರೆಯುತ್ತಾರೆ, ಯಾಕೆಂದರೆ ಅಷ್ಟು ಓರೆ ಎದುರಿಗಿದ್ದವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸ್ವಲ್ಪ ಓರೆ ಉಳಿಯುವವರೂ ಇದ್ದಾರೆ, ವರ್ಷಗಳು ಕಳೆದ ಮೇಲೆ ಕಣ್ಣು ಕಿವಿಯ ಕಡೆಗೆ ಓರೆಯಾಗುವವರೂ ಇದ್ದಾರೆ. ಅಂಥವರಿಗೆ ಎರಡನೇ ಸಲ ಮಾಡುತ್ತಾರೆ. ಅದು ಡಾಕ್ಟರ್ ಕೆಡಿಸಿದರು ಅಂತಲ್ಲ, ಅಕ್ಕಾ. ಸ್ನಾಯುವನ್ನು ಎಷ್ಟೇ ಅಳೆದು ಹೊಲಿದರೂ ಎರಡು ಕಣ್ಣನ್ನು ಜೊತೆಯಾಗಿ ಹಿಡಿದಿಡುವ ಕೆಲಸ ಮಿದುಳಿನದು, ಅದಕ್ಕೆ ಹೊಲಿಗೆ ಹಾಕಲು ಬರುವುದಿಲ್ಲವಲ್ಲ. ಇದನ್ನು ಈಗಲೇ ಭಾವನಿಗೆ ಹೇಳಿಡು. ನಾಳೆ ಎರಡನೇ ಸಲ ಅಂದಾಗ ಅವರು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಲ್ಲಬಾರದು, ಅವರ ಸ್ವಭಾವ ನಿನಗೆ ಗೊತ್ತಲ್ಲ.

ನನಗೆ ಭಯ ಇರುವುದು ಆಪರೇಷನ್ ಮೇಲೆ ಅಲ್ಲ, ಆಮೇಲೆ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ. ಕಣ್ಣು ನೇರ ಆದ ತಕ್ಷಣ ಕನ್ನಡಕ ಮೂಲೆಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ, ಬೆಳ್ಳಗಿನ ಅಮ್ಮಂದಿರೇನೂ ಮೇಲಲ್ಲ. ಪುಟ್ಟಿಗೆ ಪ್ಲಸ್ ಪವರ್ ಇದೆ, ಕನ್ನಡಕ ಇಲ್ಲದೆ ಸ್ಪಷ್ಟವಾಗಿ ನೋಡಲು ಕಷ್ಟಪಡುವಾಗ ಕಣ್ಣು ಇನ್ನಷ್ಟು ಒಳಕ್ಕೆ ತಿರುಗುತ್ತದೆ. ಕನ್ನಡಕ ಹಾಕಿದಾಗ ಅರ್ಧ ಓರೆ ಹೋಗುತ್ತದೆ, ಉಳಿದ ಅರ್ಧಕ್ಕೆ ಮಾತ್ರ ಈ ಆಪರೇಷನ್. ಕನ್ನಡಕ ತೆಗೆದರೆ ಆ ಮೊದಲ ಅರ್ಧ ವಾಪಸ್ ಬರುತ್ತದೆ, ಆಗ ಆಪರೇಷನ್ ಫೇಲ್ ಅನ್ನುತ್ತೀರಿ. ಪಟ್ಟಿಯೂ ಅಷ್ಟೇ. ಆಪರೇಷನ್ ಕಣ್ಣಿನ ದಿಕ್ಕನ್ನು ಸರಿಮಾಡುತ್ತದೆ, ಸೋಮಾರಿ ಕಣ್ಣಿನ, ಅಂದರೆ ಮಿದುಳು ಸರಿಯಾಗಿ ಬಳಸದೆ ದೃಷ್ಟಿ ಕುಗ್ಗಿದ ಕಣ್ಣಿನ, ದೃಷ್ಟಿಯನ್ನು ಅದು ತಂದುಕೊಡುವುದಿಲ್ಲ. ದೃಷ್ಟಿ ಮತ್ತೆ ಕುಗ್ಗಿದರೆ ಮತ್ತೆ ಕಟ್ಟಬೇಕಾಗುತ್ತದೆ. ದಿನಾ ಇಡೀ ಹೊತ್ತು ಕಟ್ಟಬೇಕೇನೋ ಅಂತ ಹೆದರಬೇಡ. ಸೋಮಾರಿ ಕಣ್ಣಿನ ದೃಷ್ಟಿ ತೀರಾ ಜಾಸ್ತಿ ಕುಗ್ಗಿಲ್ಲದಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ 2 ಗಂಟೆ ಕಟ್ಟಿದರೂ 6 ಗಂಟೆ ಕಟ್ಟಿದಷ್ಟೇ ಫಲ ಸಿಗುತ್ತದೆ ಅಂತ 2003ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಆದರೆ ಎಷ್ಟು ಹೊತ್ತು ಅಂತ ಹೇಳಬೇಕಾದವರು ನಿಮ್ಮ ಡಾಕ್ಟರು, ನಾನಲ್ಲ. ಇಲ್ಲಿ ಮಕ್ಕಳಿಗೆ ಬಣ್ಣಬಣ್ಣದ ಚಿತ್ರ ಇರುವ ಪಟ್ಟಿ ಕೊಡುತ್ತಾರೆ, ಬೊಂಬೆಯ ಕಣ್ಣಿಗೂ ಒಂದು ಅಂಟಿಸುತ್ತಾರೆ. ಅಷ್ಟು ದೊಡ್ಡ ಆಸ್ಪತ್ರೆ, ಬೊಂಬೆಗೂ ಚಿಕಿತ್ಸೆ! ಇನ್ನೊಂದು ವಿಚಿತ್ರ, ಕಣ್ಣಿನ ಓರೆ ಅಳೆಯುವುದಕ್ಕೇ ಬೇರೆ ಓದು ಓದಿದ ಆರ್ಥಾಪ್ಟಿಸ್ಟ್ ಅಂತ ಇದ್ದಾರೆ, ದಿನವಿಡೀ ಅದೇ ಕೆಲಸ. ಅವರು ಅಳೆದು ಬರೆದುಕೊಟ್ಟ ಮೇಲೆಯೇ ಸರ್ಜನ್ ಚಾಕು ಎತ್ತುವುದು.

ಆಪರೇಷನ್ ದಿನ ಮಗುವನ್ನು ಪೂರ್ತಿ ಮಲಗಿಸಿಯೇ ಮಾಡುತ್ತಾರೆ, ಅವಳಿಗೇನೂ ಗೊತ್ತಾಗುವುದಿಲ್ಲ. ಸ್ನಾಯುವನ್ನು ಎಳೆದಾಗ ಕೆಲವರಿಗೆ ಎದೆಬಡಿತ ನಿಧಾನ ಆಗುತ್ತದೆ. ಅರಿವಳಿಕೆಯವರಿಗೆ ಇದು ಚೆನ್ನಾಗಿ ಗೊತ್ತು, ಎಳೆಯುವುದನ್ನು ಒಂದು ಕ್ಷಣ ನಿಲ್ಲಿಸಿದರೆ ಸರಿಹೋಗುತ್ತದೆ, ಬೇಕಾದರೆ ಔಷಧಿಯೂ ಇದೆ. ಮನೆಯಲ್ಲಿ ಹಿಂದೆ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿದೆಯಾ ಅಂತ ಕೇಳುತ್ತಾರೆ, ಭಾವನ ಕಡೆಯೂ ವಿಚಾರಿಸಿಟ್ಟುಕೋ. ಎದ್ದ ಮೇಲೆ ವಾಂತಿ ಆಗಬಹುದು, ಈ ಆಪರೇಷನ್ನಿನಲ್ಲಿ ಅದು ಮಾಮೂಲು. ಕಣ್ಣು ಕೆಂಪಗೆ ನೋಡಲಾಗದ ಹಾಗೆ ಇರುತ್ತದೆ, ಕೆಲವು ವಾರ ಹಿಡಿಯುತ್ತದೆ ಇಳಿಯಲು. ಒಂದೊಂದು ವಸ್ತು ಎರಡೆರಡಾಗಿ ಕಾಣುತ್ತದೆ ಅಂದಾಳು, ಅದೂ ಬಹಳ ಸಲ ತಾನೇ ಹೋಗುತ್ತದೆ. ಮೊದಲ ವಾರ ಕನ್ನಡಿ ಮುಂದೆ ನಿಲ್ಲಿಸಿ ನೇರ ಇದೆಯಾ ಅಂತ ನೋಡುತ್ತಾ ಕೂರಬೇಡ, ಆಗ ಕಾಣುವ ಸ್ಥಿತಿ ಕೊನೆಯದಲ್ಲ. ಆದರೆ ರೆಪ್ಪೆ ಊದಿ ಕೀವು ಬಂದರೆ, ಜ್ವರ ಬಂದರೆ, ನೋವು ದಿನೇ ದಿನೇ ಏರಿದರೆ, ಕಾಣುವುದು ಮಂಜಾದರೆ, ಅಥವಾ ಕಣ್ಣು ಇದ್ದಕ್ಕಿದ್ದಂತೆ ಕಿವಿಯ ಕಡೆಗೆ ತಿರುಗಿ ಮತ್ತೆ ಮೂಗಿನ ಕಡೆಗೆ ತಿರುಗದೇ ಇದ್ದರೆ ಬೆಳಗಾಗಲಿ ಅಂತ ಕಾಯದೆ ಹೊರಡು. ಇವೆಲ್ಲ ಅಪರೂಪ, ತೀರಾ ಅಪರೂಪ, ಇದನ್ನು ಓದಿ ಮತ್ತೆ ನಿದ್ದೆ ಬಿಡಬೇಡ.

ಸೀನಣ್ಣ ತನ್ನ ಮೆಳ್ಳೆಗಣ್ಣಿಗೂ ಈ ವಯಸ್ಸಿನಲ್ಲಿ ಆಪರೇಷನ್ ಆಗುತ್ತದಾ ಅಂತ ಕೇಳಿದ್ದಾನಲ್ಲ, ಆಗುತ್ತದೆ. ನಲವತ್ತು ದಾಟಿದರೆ ಮುಗಿಯಿತು ಅನ್ನುವುದು ಸುಳ್ಳು, ನಮ್ಮಲ್ಲಿ ಅಜ್ಜಂದಿರೂ ಬರುತ್ತಾರೆ. ದೊಡ್ಡವರಿಗೆ ಎರಡೆರಡಾಗಿ ಕಾಣುವುದು ಉಳಿದುಬಿಡುತ್ತದೋ ಏನೋ ಅಂತ ಮೊದಲೇ ಕಣ್ಣಿನ ಮುಂದೆ ಪ್ರಿಸಂ, ಅಂದರೆ ಬೆಳಕನ್ನು ಬಾಗಿಸುವ ಗಾಜು, ಹಿಡಿದು ಪರೀಕ್ಷಿಸುತ್ತಾರೆ. ಕೆಲವರಿಗೆ ಎಚ್ಚರ ಆದ ಮೇಲೆ ಬಿಗಿ ಸಡಿಲ ಮಾಡಬಹುದಾದ ಹೊಲಿಗೆಯನ್ನೂ ಹಾಕುತ್ತಾರೆ. ಅವನಿಗೆ ಇನ್ನೊಂದು ತಮಾಷೆ ಹೇಳು. ಸಿನಿಮಾ ಮಂದಿ ಸುಕ್ಕು ಹೋಗಲಿ ಅಂತ ಹಾಕಿಸಿಕೊಳ್ಳುವ ಬೋಟಾಕ್ಸ್ ಇದೆಯಲ್ಲ, ಅದನ್ನು ಅಲನ್ ಸ್ಕಾಟ್ ಅನ್ನುವ ಕಣ್ಣಿನ ಡಾಕ್ಟರ್ ಔಷಧಿಯಾಗಿ ಬೆಳೆಸಿದ್ದೇ ಮೆಳ್ಳೆಗಣ್ಣಿಗಾಗಿ. ಅಮೆರಿಕದಲ್ಲಿ 1989ರಲ್ಲಿ ಮೊದಲ ಅನುಮತಿ ಸಿಕ್ಕಿದ್ದೂ ಕಣ್ಣಿನ ತೊಂದರೆಗಳಿಗೇ.

ಡಾಕ್ಟರ ಹತ್ತಿರ ಹೋದಾಗ ಕಣ್ಣಿನ ಹಿಂಭಾಗವನ್ನು ಡ್ರಾಪ್ಸ್ ಹಾಕಿ ನೋಡಿದ್ದಾರಾ, ಕನ್ನಡಕದ ಪವರ್ ಈಚೆಗೆ ಅಳೆದದ್ದಾ ಅಂತ ಕೇಳು. ನಾಚಿಕೆ ಬೇಡ. ಭಾವನನ್ನು ಕೇಳಲು ಬಿಡಬೇಡ, ನೀನೇ ಕೇಳು.

ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ಪಾಳಿಗೆ ಹೊತ್ತಾಯಿತು, ಬಸ್ಸು ಹೋದರೆ ಇನ್ನೊಂದಕ್ಕೆ ಚಳಿಯಲ್ಲಿ ನಿಲ್ಲಬೇಕು. ಆಪರೇಷನ್ ತಾರೀಕು ಗೊತ್ತಾದ ಕೂಡಲೇ ಮೆಸೇಜ್ ಹಾಕು, ಆ ದಿನ ರಜೆ ಕೇಳುತ್ತೇನೆ, ಫೋನ್ ಹತ್ತಿರವೇ ಇರುತ್ತೇನೆ. ಅಮ್ಮನ ಮಾತ್ರೆ ಬಗ್ಗೆ ಮುಂದಿನ ಸಲ ಬರೆಯುತ್ತೇನೆ.

ನಿನ್ನ,
ಚಿಕ್ಕಿ