ಶಾಸಕರೇ, ಶಾಲೆ ಶುರುವಾಗುವ ಮೊದಲು ನಮ್ಮ ಮಕ್ಕಳಿಗೆ ಒಬ್ಬ ಪಿ.ಟಿ. ಮೇಷ್ಟ್ರನ್ನ ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಕಳೆದ ಆಗಸ್ಟ್‌ನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟದ ಉದ್ಘಾಟನೆಗೆ ನೀವು ನಮ್ಮೂರ ಹೈಸ್ಕೂಲ್ ಮೈದಾನಕ್ಕೆ ಬಂದಿದ್ದಿರಿ. ಮಳೆ ಹನಿಯುತ್ತಿದ್ದರೂ ಮಕ್ಕಳ ಜೊತೆ ನಿಂತು ಫೋಟೊ ತೆಗೆಸಿಕೊಂಡಿರಿ. ಆ ಫೋಟೊದಲ್ಲಿ ನಿಮ್ಮ ಎಡಗಡೆ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ನಿಂತಿರುವ ಹುಡುಗಿ ನನ್ನ ಮಗಳು. ಒಂಬತ್ತನೇ ಕ್ಲಾಸು, ಖೊಖೊ ಆಡುತ್ತಾಳೆ. ಆಮೇಲೆ ಆ ತಂಡ ಏನಾಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋಬಳಿಯಲ್ಲಿ ಗೆದ್ದರು. ತಾಲ್ಲೂಕಿನಲ್ಲಿ ಗೆದ್ದರು. ಜಿಲ್ಲೆಯಲ್ಲೂ ಗೆದ್ದು ಮೈಸೂರು ವಿಭಾಗ ಮಟ್ಟಕ್ಕೆ ಹೋದರು. ಈ ವಿಭಾಗದಲ್ಲಿ ಮೈಸೂರು, ಮಂಡ್ಯ, ಹಾಸನದಿಂದ ಹಿಡಿದು ಉಡುಪಿ, ದಕ್ಷಿಣ ಕನ್ನಡದವರೆಗೆ 8 ಜಿಲ್ಲೆ ಇವೆ. ಅಷ್ಟು ಜಿಲ್ಲೆಗಳ ಮಕ್ಕಳ ಎದುರು ನಮ್ಮ ಸರ್ಕಾರಿ ಶಾಲೆಯ 12 ಹುಡುಗಿಯರು ಹೋಗಿ ನಿಂತರು. ಎರಡನೇ ಮ್ಯಾಚಿನಲ್ಲಿ ಸೋತರು. ಅದಕ್ಕೆ ನನಗೇನೂ ಬೇಜಾರಿಲ್ಲ, ಗೆದ್ದ ತಂಡ ನಿಜವಾಗಲೂ ಚೆನ್ನಾಗಿ ಆಡಿತು. ನನ್ನ ಚಿಂತೆ ಬೇರೆ. ಈ ಮಕ್ಕಳನ್ನ ಅಲ್ಲಿವರೆಗೆ ಕರೆದುಕೊಂಡು ಹೋದ ಪಿ.ಟಿ. ಮೇಷ್ಟ್ರು ಈ ಮೇ ಕೊನೆಗೆ ನಿವೃತ್ತಿ ಆಗುತ್ತಾರೆ. ಅವರ ಜಾಗಕ್ಕೆ ಯಾರು ಅಂತ ಕೇಳಿದರೆ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮೇಷ್ಟ್ರ ಬಗ್ಗೆ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಆರೂವರೆಗೆ ಅವರ ಬೈಕ್ ಶಾಲೆ ಗೇಟಿನ ಹತ್ತಿರ ಇರುತ್ತದೆ. ತಳಕ್ಕೆ ತೂತು ಮಾಡಿದ ಒಂದು ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬಗ್ಗಿ ನಡೆಯುತ್ತಾ ಗೆರೆ ಎಳೆಯುತ್ತಾರೆ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಮತ್ತೆ ಅದೇ ಕೆಲಸ. ಆಮೇಲೆ ಹುಡುಗಿಯರನ್ನ ಸಾಲಾಗಿ ನಿಲ್ಲಿಸಿ ಕೈ ಚಾಚಿಸಿ ಉಗುರು ನೋಡುತ್ತಾರೆ. ಖೊಖೊದಲ್ಲಿ ಓಡಿ ಬಂದು ಕೂತವಳ ಬೆನ್ನು ಮುಟ್ಟಿ ಖೋ ಕೊಡಬೇಕಲ್ಲ, ಉಗುರು ಉದ್ದ ಇದ್ದರೆ ಪಾಪ ಇನ್ನೊಬ್ಬಳ ಬೆನ್ನು ಗೀರಿಹೋಗುತ್ತದೆ. ಆಟದ ಸಾಮಾನಿನ ಕೋಣೆಯ ಬೀಗದ ಕೈ ಗೊಂಚಲಿನಲ್ಲೇ ಒಂದು ನೇಲ್ ಕಟರ್ ಇಟ್ಟುಕೊಂಡಿದ್ದಾರೆ. ಯಾರ ಉಗುರು ಬೆಳೆದಿದೆಯೋ ಅವಳು ಅಲ್ಲೇ ಕೂತು ಕತ್ತರಿಸಿಕೊಂಡು ಮೈದಾನಕ್ಕೆ ಇಳಿಯಬೇಕು. ಇಂಥದ್ದನ್ನೆಲ್ಲ ಯಾವ ಸುತ್ತೋಲೆಯೂ ಹೇಳಿಕೊಡಲ್ಲ ಸರ್.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತಲ್ಲ, ಹೆಂಗಸರದ್ದು ಗಂಡಸರದ್ದು ಎರಡೂ ಕಪ್ಪು ನಮ್ಮ ದೇಶಕ್ಕೇ ಬಂತು. ಫೈನಲ್ ಪಂದ್ಯವನ್ನ ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಮಕ್ಕಳಿಗೆ ತೋರಿಸಿದರಂತೆ. ಆ ತಂಡದಲ್ಲಿದ್ದ ಚೈತ್ರಾ ನಮ್ಮ ಕಡೆಯವರೇ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅವತ್ತು ಸಾಯಂಕಾಲ ಮನೆಗೆ ಬಂದ ಮಗಳು ‘ಅಮ್ಮಾ, ಕುರುಬೂರು ಇಲ್ಲಿಂದ ಎಷ್ಟು ದೂರ?’ ಅಂತ ಕೇಳಿದಳು. ಮಾರನೇ ದಿನದಿಂದ ನಾನು ಎಬ್ಬಿಸದೇ ಐದೂವರೆಗೆ ತಾನೇ ಎದ್ದಳು.

ಇನ್ನು ಖರ್ಚಿನ ಮಾತು. ಹುಡುಗಿಯರಿಗೆ ಶಕ್ತಿ ಯೋಜನೆಯ ಬಸ್ಸು ಇತ್ತು, ಅದನ್ನ ಮನಸಾರೆ ನೆನೆಯುತ್ತೇನೆ. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡು ಹತ್ತಿದೆವು. ಇಡೀ ತಂಡದಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆದವರು ಮೇಷ್ಟ್ರೊಬ್ಬರೇ. ಗಂಡು ಹುಡುಗರ ಕಬಡ್ಡಿ ತಂಡಕ್ಕೆ ಆ ಅನುಕೂಲ ಇಲ್ಲ. ಅವರ ಬಸ್ ಪಾಸು ಊರಿನಿಂದ ಶಾಲೆವರೆಗೆ ಮಾತ್ರ. ತಾಲ್ಲೂಕಿಗೆ ಹೋಗುವ ದಿನ ತಲೆಗೆ ಇಷ್ಟು ಅಂತ ದುಡ್ಡು ಎತ್ತಿ ಲಗೇಜ್ ಆಟೊದಲ್ಲಿ ನಿಂತುಕೊಂಡು ಹೋದರು. ಇಬ್ಬರು ಹುಡುಗರು ಮನೆಯಲ್ಲಿ ಕೇಳಲಾರದೆ ಜ್ವರ ಅಂತ ಹೇಳಿ ಉಳಿದುಕೊಂಡರು. ಅವರದ್ದೂ ಮೇಷ್ಟ್ರೇ ಕೊಡುತ್ತಿದ್ದರೇನೋ, ಆದರೆ ಎಷ್ಟು ಸಲ ಅಂತ ಕೊಡುತ್ತಾರೆ? ಊಟ, ಜೆರ್ಸಿಗೆ ಅಚ್ಚು ಹಾಕಿಸುವುದು, ಅರ್ಹತಾ ಪತ್ರದ ಫೋಟೊ, ಜೆರಾಕ್ಸು, ಎಲ್ಲ ಅವರ ಕೈಯಿಂದಲೇ. ಬಿಲ್ ಕೊಟ್ಟರೆ ಆಮೇಲೆ ಬರುತ್ತದೆ ಅಂತಾರೆ. ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಹೊರಡುವ ಮೊದಲೇ ಆ ದುಡ್ಡು ಶಾಲೆಗೆ ಸಿಕ್ಕಿದ್ದರೆ ಆ ಇಬ್ಬರು ಹುಡುಗರೂ ಆಡುತ್ತಿದ್ದರು.

ಜಿಲ್ಲಾ ಮಟ್ಟಕ್ಕೆ ಹೋಗುವಾಗ ಹುಡುಗಿಯರ ಜೊತೆ ಒಬ್ಬ ಹೆಂಗಸು ಇರಬೇಕು ಅಂದರು. ಮೇಡಂಗಳಿಗೆಲ್ಲ ಹತ್ತನೇ ಕ್ಲಾಸಿನ ಪರೀಕ್ಷೆ ಕೆಲಸ. ಹಾಗಾಗಿ ನಾನು ಹೊರಟೆ. ಹೋಗಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನಗೂ ಇದು ಗೊತ್ತಾಗುತ್ತಿರಲಿಲ್ಲ. ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಅಂತ ಇದ್ದದ್ದು ಒಂದೇ ಶೌಚಾಲಯ, ಅದಕ್ಕೂ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅರ್ಧ ಗಂಟೆ ಅಲೆದೆ, ಸಿಗಲಿಲ್ಲ. ಬಟ್ಟೆ ಬದಲಿಸಲು ಜಾಗ ಇಲ್ಲ. ರಾತ್ರಿ ಹೊದೆಯಲು ಅಂತ ತಂದಿದ್ದ ಬೆಡ್‌ಶೀಟನ್ನ ನಾನೂ ಇನ್ನೊಬ್ಬ ಹುಡುಗಿಯೂ ಎರಡು ತುದಿ ಹಿಡಿದು ಕಾಂಪೌಂಡ್ ಮೂಲೆಗೆ ಮರೆ ಮಾಡಿದೆವು. ಒಬ್ಬೊಬ್ಬರೇ ಒಳಗೆ ಹೋಗಿ ಜೆರ್ಸಿ ಹಾಕಿಕೊಂಡು ಬಂದರು. ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಬಾಟಲಿಗಳಲ್ಲಿ ನೀರು ಹಾಗೇ ಇದೆ. ಯಾಕ್ರಮ್ಮ ಕುಡಿದಿಲ್ಲ ಅಂದರೆ ಯಾರೂ ಮಾತಾಡಲ್ಲ. ಕೊನೆಗೆ ಒಬ್ಬಳು ನನ್ನ ಕಿವಿಯಲ್ಲಿ ಹೇಳಿದಳು, ‘ಕುಡಿದರೆ ಎಲ್ಲಿಗೆ ಹೋಗೋದು ಆಂಟಿ?’ ಆ ಬಿಸಿಲಿನಲ್ಲಿ, ಬೆಳಿಗ್ಗೆಯಿಂದ ನೀರು ಕುಡಿಯದೆ ಫೈನಲ್ ಆಡಿದ್ದಾರೆ ಸರ್ ನಮ್ಮ ಮಕ್ಕಳು. ಕೊನೆಯ ಸುತ್ತಿನಲ್ಲಿ ನನ್ನ ಮಗಳಿಗೆ ಮೀನಖಂಡ ಹಿಡಿದುಕೊಂಡು ಕಂಬದ ಹತ್ತಿರವೇ ಕುಸಿದಳು. ಮೇಷ್ಟ್ರು ಓಡಿ ಬಂದು ಕಾಲು ನೀವಿದರು. ಎದ್ದು ಮತ್ತೆ ಓಡಿದಳು.

ನನ್ನ ಬಾಯಲ್ಲಿ ದೊಡ್ಡ ದೊಡ್ಡ ಬೇಡಿಕೆ ಇಲ್ಲ. ಸಿಂಥೆಟಿಕ್ ಟ್ರ್ಯಾಕು, ಸ್ಟೇಡಿಯಂ ಕೇಳುತ್ತಿಲ್ಲ. ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರ ನಿಧಿ ನಿಮ್ಮ ಕೈಯಲ್ಲಿದೆ. ಅದರಲ್ಲಿ ನಮ್ಮ ತಾಲ್ಲೂಕು ಮೈದಾನಕ್ಕಾದರೂ ನೀರು ಬರುವ ಎರಡು ಶೌಚಾಲಯ, ಬಟ್ಟೆ ಬದಲಿಸಲು ಬಾಗಿಲು ಇರುವ ಒಂದು ಕೋಣೆ ಕಟ್ಟಿಸಿಕೊಡಿ. ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಗೋಡೆ ಮೇಲೆ ಬರೆಸಿ.

ಆದರೆ ಎಲ್ಲಕ್ಕಿಂತ ಮೊದಲು ಮೇಷ್ಟ್ರು. ಕಳೆದ ವರ್ಷ ಗಣಿತದ ಮೇಷ್ಟ್ರು ವರ್ಗವಾಗಿ ಹೋದಾಗ ನಾವೆಲ್ಲ ಹೋಗಿ ಗಲಾಟೆ ಮಾಡಿದೆವು, ಅತಿಥಿ ಶಿಕ್ಷಕರು ಬಂದರು. ಪಿ.ಟಿ. ಮೇಷ್ಟ್ರು ಹೋದರೆ ಯಾರು ಗಲಾಟೆ ಮಾಡುತ್ತಾರೆ? ಆಟ ತಾನೇ, ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೇನು ಪರೀಕ್ಷೆಯಾ ಅಂತ ನಮ್ಮ ಊರಿನವರೇ ಅಂದುಬಿಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೂ ಅರೆಕಾಲಿಕ ಶಿಕ್ಷಕರು ಇರಬೇಕು ಅಂತ ಬರೆದಿದೆ. ಆಟದ ಮೈದಾನವೂ ಬೇಕು ಅಂತ ಇದೆ. ಆ ಕಾಯ್ದೆ 8ನೇ ಕ್ಲಾಸಿಗೇ ನಿಲ್ಲುತ್ತದೆ ಅನ್ನುವುದು ನನಗೂ ಗೊತ್ತು. ಆದರೆ 13 ವರ್ಷಕ್ಕೆ ಬೇಕಾದ ಆಟ 15 ವರ್ಷಕ್ಕೆ ಬೇಡವಾ? ಆ ವಯಸ್ಸಿನಲ್ಲೇ ಹೆಣ್ಣುಮಕ್ಕಳನ್ನ ಸಾಕು ಇನ್ನು ಓಡಿದ್ದು ಅಂತ ಮನೆಯಲ್ಲಿ ಕೂರಿಸುತ್ತಾರೆ. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. ಮೇಷ್ಟ್ರು ಒಂದು ಸಂಜೆ ಮನೆಗೆ ಬಂದು ನಮ್ಮ ಅತ್ತೆಯ ಜೊತೆ ಕಾಫಿ ಕುಡಿದು, ‘ಈ ವರ್ಷ ಒಂದು ಬಿಡಿ ಅಮ್ಮ, ನಾನು ಜವಾಬ್ದಾರಿ’ ಅಂದರು. ಅತ್ತೆ ಒಪ್ಪಿದರು. ಈಗ ಮೊಮ್ಮಗಳ ಪದಕವನ್ನ ದೇವರ ಗೂಡಿನ ಪಕ್ಕ ತೂಗುಹಾಕಿದ್ದಾರೆ.

ಮುಂದಿನ ವರ್ಷದ ಹೋಬಳಿ ಪಂದ್ಯಕ್ಕೆ ಜಾಸ್ತಿ ದಿನ ಇಲ್ಲ. ಜುಲೈ, ಆಗಸ್ಟ್ ಅಂದರೆ ಬಂದೇ ಬಿಡುತ್ತದೆ. ಮೇ ಕೊನೆಯಲ್ಲಿ ಮೇಷ್ಟ್ರು ಹೋಗಿ, ಡಿಸೆಂಬರ್‌ನಲ್ಲಿ ಯಾರೋ ಬಂದರೆ ನನ್ನ ಮಗಳ ಹತ್ತನೇ ಕ್ಲಾಸು ಸುಮ್ನೆ ಕಳೆದುಹೋಗುತ್ತದೆ. ಹೊಸ ನೇಮಕ ತಡ ಅನ್ನುವುದಾದರೆ ವರ್ಗಾವಣೆಯಲ್ಲಿ ಒಬ್ಬರನ್ನ ಕೊಡಿಸಿ. ಅದೂ ಆಗದಿದ್ದರೆ ಅತಿಥಿ ಶಿಕ್ಷಕರನ್ನಾದರೂ ಕೊಡಿಸಿ. ಮಹಿಳೆ ಆದರೆ ಇನ್ನೂ ಒಳ್ಳೆಯದು.

ಬರುವ ಸೋಮವಾರ ಬೆಳಿಗ್ಗೆ 10 ಗಂಟೆಗೆ ನಾವು ಒಂಬತ್ತು ಜನ ತಾಯಂದಿರು ನಿಮ್ಮ ಕಚೇರಿಗೆ ಬರುತ್ತೇವೆ. ಅರ್ಜಿ ಬರೆದಿಟ್ಟುಕೊಂಡಿದ್ದೇವೆ, ಹೆಡ್ ಮೇಡಂ ಸಹಿಯೂ ಆಗಿದೆ. ಆ ದಿನ ನೀವು ಊರಲ್ಲಿ ಇಲ್ಲದಿದ್ದರೆ ಯಾವ ದಿನ ಬರಬೇಕು ಅಂತ ಶಾಲೆಗೆ ಒಂದು ಫೋನ್ ಮಾಡಿಸಿ, ಬರುತ್ತೇವೆ.

ಇಂತಿ,
ಫೋಟೊದಲ್ಲಿ ನಿಮ್ಮ ಎಡಗಡೆ ನಿಂತಿರುವ ಹುಡುಗಿಯ ತಾಯಿ